ಎಳೆಯ ಮಕ್ಕಳೊಡನೆ ಯೂರೋಪಿನ ಮಹಾನಗರಗಳಿಗೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಆದರೆ ಕಂಕುಳಲ್ಲೊಂದು ಕೂಸು, ಬೆರಳು ಹಿಡಿದು ನಡೆಯುವ ಇನ್ನೊಂದು ಮಗು, ಇವೆರಡನ್ನೂ ಕಟ್ಟಿಕೊಂಡು ದೇಶ ಸುತ್ತುವುದು ಹೇಗೆಂಬುದನ್ನು ಅವರು ಆ ಗಾದೆಯಲ್ಲಿ ಸೇರಿಸಲಿಲ್ಲ. ಇಂದು ಬೆಂಗಳೂರಿನಲ್ಲಿ ವಿಮಾನವನ್ನೇರಿದ ಕುಟುಂಬವು ಒಂದು ದಿನ ಕಳೆಯುವುದರೊಳಗಾಗಿ ಲಂಡನ್ನಿನಲ್ಲಿಯೋ ಪ್ಯಾರಿಸಿನಲ್ಲಿಯೋ ಇಳಿಯಬಹುದಾಗಿದೆ. ಹೋಗುವುದು ಸುಲಭವಾಯಿತು, ಹೋಗಿ ಬಂದವರೆಲ್ಲ ಸುಖಪಟ್ಟು ಬಂದರೆಂದು ಹೇಳುವಂತಿಲ್ಲ. ಹಲವು ವರ್ಷ ಕೂಡಿಟ್ಟ ಹಣ ಹದಿನೈದು ದಿನಗಳಲ್ಲಿ ಕರಗಿ, ಮಗುವಿಗೆ ಜ್ವರ ಬಂದು, ತಾಯಿಗೆ ಸೊಂಟನೋವು ಹತ್ತಿ, ತಂದೆಯು ಮೌನವ್ರತ ಹಿಡಿದು ಹಿಂದಿರುಗಿದ ಸಂಸಾರಗಳೂ ಉಂಟು. ಆದುದರಿಂದ ಇಂತಹ ಪ್ರಯಾಣವನ್ನು ಕೈಕೊಳ್ಳತಕ್ಕ ಗೃಹಸ್ಥರಿಗೆ ಉಪಯೋಗವಾದೀತೆಂದು ಈ ತಿಂಗಳ ಮಾತನ್ನು ಈ ವಿಷಯಕ್ಕೇ ಮೀಸಲಾಗಿಟ್ಟಿದ್ದೇವೆ.

ಮೊದಲು ಮನೆಯ ಹಿರಿಯರು ಕೇಳುವ ಪ್ರಶ್ನೆಗೆ ಉತ್ತರ ಕೊಡಬೇಕು. “ಮೂರು ವರ್ಷದ ಕೂಸಿಗೆ ಪ್ಯಾರಿಸ್ ಆದರೇನು, ಪಕ್ಕದೂರಿನ ಜಾತ್ರೆಯಾದರೇನು? ಅದಕ್ಕೇನು ನೆನಪಿರುತ್ತದೆ?” ಎಂದು ಅಜ್ಜಿಯು ಕೇಳುವುದುಂಟು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಐಫೆಲ್ ಗೋಪುರವನ್ನು 1889ರಲ್ಲಿ ಕಟ್ಟಿದರು, ಅದರ ಎತ್ತರ 330 ಮೀಟರು ಎಂಬ ಸಂಗತಿ ಕೂಸಿಗೆ ಬೇಕಿಲ್ಲ. ಗೋಪುರದ ಬುಡದಲ್ಲಿ ಕಾಳು ಹೆಕ್ಕುವ ಪಾರಿವಾಳವೇ ಅದಕ್ಕೆ ಹೆಚ್ಚು. ಕೂಸು ಪಾರಿವಾಳವನ್ನು ನೋಡಿ ಕೈತಟ್ಟಿದರೆ ನಮಗೆ ಸಂತೋಷವೇ ಎಂದು ತಂದೆತಾಯಿಗಳು ತಮ್ಮನ್ನು ತಾವೇ ಕೇಳಿಕೊಳ್ಳಲಿ. ಸಂತೋಷವೆಂದಾದರೆ ಧಾರಾಳವಾಗಿ ಹೊರಡಬಹುದು. ಇಷ್ಟು ಹಣ ಸುರಿದು ಪಾರಿವಾಳ ನೋಡಬೇಕೆ ಎಂದು ಮನಸ್ಸು ಕುದಿಯುವಂತಿದ್ದರೆ ಕಿರಿಯ ಮಗುವಿಗೆ ಆರೇಳು ವರ್ಷ ತುಂಬುವವರೆಗೆ ಕಾಯುವುದೇ ಲೇಸು. ಗೋಪುರವು ಎಲ್ಲಿಯೂ ಹೋಗುವುದಿಲ್ಲ.

ಹೊರಡುವುದೆಂದು ನಿಶ್ಚಯವಾದ ಮೇಲೆ ನೆನಪಿಡತಕ್ಕ ಸೂತ್ರವು ಒಂದೇ: ಪ್ರಯಾಣದ ಅಳತೆಗೋಲು ಎಲ್ಲರಿಗಿಂತ ಚಿಕ್ಕ ಮಗುವಿನ ಕಾಲು. ನಗರಗಳನ್ನು ಕಡಿಮೆ ಮಾಡಿ, ಒಂದೊಂದು ನಗರದಲ್ಲಿ ಉಳಿಯುವ ದಿನಗಳನ್ನು ಹೆಚ್ಚಿಸಬೇಕು. ಇದು ಬರಿಯ ಉಪದೇಶವಲ್ಲ, ಲೆಕ್ಕ. ಹನ್ನೆರಡು ದಿನಗಳ ಪ್ರಯಾಣವೆಂದು ಇಟ್ಟುಕೊಳ್ಳೋಣ. ಹೋಗಲೊಂದು, ಬರಲೊಂದು ದಿನ ಕಳೆದರೆ ಹತ್ತು ಉಳಿಯುತ್ತವೆ. ಒಂದು ನಗರವನ್ನು ಬಿಟ್ಟು ಇನ್ನೊಂದನ್ನು ಸೇರಿದ ದಿನವು ನೋಡುವ ದಿನವಲ್ಲ. ಲಂಡನ್ನಿನಿಂದ ಪ್ಯಾರಿಸಿಗೆ ಕಡಲಡಿಯ ಸುರಂಗದಲ್ಲಿ ಓಡುವ ಯೂರೋಸ್ಟಾರ್ ರೈಲು ಎರಡು ಗಂಟೆ ಇಪ್ಪತ್ತು ನಿಮಿಷಗಳಷ್ಟರಲ್ಲಿ ಮುಟ್ಟಿಸುವುದು ನಿಜ. ಆದರೆ ಬೆಳಗ್ಗೆ ಗಂಟುಮೂಟೆ ಕಟ್ಟಿ, ಮಕ್ಕಳಿಗೆ ಉಣ್ಣಿಸಿ, ಪಾಸ್‌ಪೋರ್ಟಿನ ತಪಾಸಣೆಗೆ ಮುಂಚೆಯೇ ನಿಲ್ದಾಣ ಸೇರಿ, ಅಲ್ಲಿಳಿದು ಬಿಡಾರ ಹುಡುಕುವುದರೊಳಗೆ ಸಂಜೆಯಾಗುತ್ತದೆ. ಆರು ನಗರಗಳೆಂದರೆ ಇಂತಹ ಐದು ದಿನಗಳು ಹೋಗಿ, ನೋಡಲು ಉಳಿಯುವುದು ಐದೇ ದಿನ. ಎರಡು ನಗರಗಳಾದರೆ ಒಂಬತ್ತು ದಿನ ಉಳಿಯುತ್ತವೆ. ಕಡಿಮೆ ಸುತ್ತಿದವರೇ ಹೆಚ್ಚು ನೋಡಿದವರೆಂಬುದು ಇದರಿಂದ ವೇದ್ಯವಾಗುವುದು.

ಯಾವ ಎರಡು ನಗರಗಳೆಂಬುದನ್ನು ನಿಶ್ಚಯಿಸುವಾಗ ವೀಸಾದ ವಿಷಯವನ್ನು ಮರೆಯಬಾರದು. ಫ್ರಾನ್ಸ್, ಇಟಲಿ, ಆಸ್ಟ್ರಿಯಾ ಮೊದಲಾದ 29 ದೇಶಗಳು ಸೇರಿದ ಶೆಂಗೆನ್ ವಲಯಕ್ಕೆ ಒಂದೇ ವೀಸಾ ಸಾಕು. ಬ್ರಿಟನ್ ಇದರಲ್ಲಿ ಸೇರಿಲ್ಲ. ಲಂಡನ್ನಿಗೆ ಪ್ರತ್ಯೇಕ ವೀಸಾ ಪಡೆಯಬೇಕು. ಆದುದರಿಂದ ಲಂಡನ್ ಮತ್ತು ಪ್ಯಾರಿಸ್ ಎಂದರೆ ಎರಡು ಅರ್ಜಿ, ಎರಡು ವೆಚ್ಚ. ಪ್ಯಾರಿಸ್ ಮತ್ತು ರೋಮ್ ಎಂದರೆ ಒಂದೇ. ವಿಯೆನ್ನಾ ಮತ್ತು ಬುಡಾಪೆಸ್ಟ್ ಎಂದರೂ ಒಂದೇ. ಇವೆರಡರ ನಡುವೆ ರೈಲಿನಲ್ಲಿ ಮೂರು ಗಂಟೆಗೂ ಕಡಿಮೆ ದಾರಿ. ಶೆಂಗೆನ್ ವೀಸಾಕ್ಕೆ 2024ರ ಜೂನ್ ತಿಂಗಳಲ್ಲಿ ನಿಗದಿಯಾದ ಶುಲ್ಕವು ದೊಡ್ಡವರಿಗೆ 90 ಯೂರೋ, ಆರು ತುಂಬಿ ಹನ್ನೆರಡು ತುಂಬದ ಮಕ್ಕಳಿಗೆ 45 ಯೂರೋ. ಆರು ತುಂಬದವರಿಗೆ ಶುಲ್ಕವಿಲ್ಲ. ಗಂಡಹೆಂಡಿರು, ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ ಇರುವ ಸಂಸಾರಕ್ಕೆ 225 ಯೂರೋ ಆಯಿತು. ಅರ್ಜಿಯನ್ನು ಸ್ವೀಕರಿಸುವ ಕೇಂದ್ರದವರ ಕೂಲಿ ಬೇರೆ. ಹೆಚ್ಚು ದಿನ ಯಾವ ದೇಶದಲ್ಲಿ ಇರುವಿರೋ ಆ ದೇಶದವರಿಗೇ ಅರ್ಜಿ ಸಲ್ಲಿಸಬೇಕು. ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶದವರಿಗೆ. ಪ್ರಯಾಣಕ್ಕೆ ಆರು ತಿಂಗಳು ಮುಂಚಿತವಾಗಿಯೇ ಅರ್ಜಿ ಹಾಕಬಹುದು. ಹದಿನೈದು ದಿನಗಳಿಗಿಂತ ತಡಮಾಡಕೂಡದು. ಮೂವತ್ತು ಸಾವಿರ ಯೂರೋಗಳಿಗೆ ಕಡಿಮೆಯಲ್ಲದ ವೈದ್ಯಕೀಯ ವಿಮೆಯು ಪ್ರತಿಯೊಬ್ಬರಿಗೂ, ಕೂಸಿಗೂ ಸಹ, ಇರಬೇಕು. ಹನ್ನೆರಡು ತುಂಬದ ಮಕ್ಕಳ ಬೆರಳಚ್ಚನ್ನು ವೀಸಾಕ್ಕಾಗಿ ತೆಗೆಯುವುದಿಲ್ಲ.

ಇಲ್ಲಿ ಗಮನಿಸತಕ್ಕ ಇನ್ನೆರಡು ಸಂಗತಿಗಳಿವೆ. ಎಳೆಯ ಮಕ್ಕಳ ಪಾಸ್‌ಪೋರ್ಟು ದೊಡ್ಡವರದರಂತೆ ಹತ್ತು ವರ್ಷ ನಡೆಯುವುದಿಲ್ಲ, ಐದೇ ವರ್ಷ. ಶೆಂಗೆನ್ ವಲಯವನ್ನು ಬಿಡುವ ದಿನದಿಂದ ಮುಂದಕ್ಕೆ ಮೂರು ತಿಂಗಳಾದರೂ ಅದರ ಅವಧಿ ಉಳಿದಿರಬೇಕು. ವಿಮಾನದ ಟಿಕೆಟ್ಟು ಕೊಳ್ಳುವುದಕ್ಕೆ ಮೊದಲೇ ಮಕ್ಕಳ ಪಾಸ್‌ಪೋರ್ಟನ್ನು ತೆರೆದು ತಾರೀಖು ನೋಡಿರಿ. ಎರಡನೆಯದು, ತಾಯಿಯೊಬ್ಬಳೇ ಅಥವಾ ತಂದೆಯೊಬ್ಬನೇ ಮಕ್ಕಳನ್ನು ಕರೆದೊಯ್ಯುವುದಾದರೆ ಮತ್ತೊಬ್ಬರ ಲಿಖಿತ ಸಮ್ಮತಿಪತ್ರವು ಕೈಯಲ್ಲಿರಬೇಕು.

ಕಾಲದ ವಿಚಾರಕ್ಕೆ ಬರೋಣ. ನಮ್ಮ ಶಾಲೆಗಳಿಗೆ ಏಪ್ರಿಲ್–ಮೇ ತಿಂಗಳುಗಳಲ್ಲಿ ಬಿಡುವಿರುವುದು ಒಂದು ಭಾಗ್ಯವೇ ಸರಿ. ಆಗ ಅಲ್ಲಿ ವಸಂತಕಾಲ. ಬಿಸಿಲು ಹಿತವಾಗಿರುತ್ತದೆ, ಬೆಳಗು ಸಂಜೆ ಚಳಿಯಿರುತ್ತದೆ. ಒಂದರ ಮೇಲೊಂದು ತೊಟ್ಟು, ಬೇಕಾದಾಗ ಬಿಚ್ಚಬಹುದಾದ ತೆಳು ಉಡುಪುಗಳೂ ಮಳೆಯಂಗಿಯೂ ಇದ್ದರೆ ಸಾಕು. ಈಸ್ಟರ್ ವಾರದಲ್ಲಿ ಜನಸಂದಣಿ ಹೆಚ್ಚು. ಮೇ 1 ಕಾರ್ಮಿಕರ ದಿನವಾದುದರಿಂದ ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯವು ಅಂದು ತೆರೆಯುವುದಿಲ್ಲ. ಆಗಸ್ಟಿನಲ್ಲಿ ರೋಮಿನ ಸೆಕೆ ನಮ್ಮ ರಾಯಚೂರನ್ನು ನೆನಪಿಗೆ ತರುವಂತಿರುತ್ತದೆ. ಕೂಸುಳ್ಳವರು ಆ ತಿಂಗಳನ್ನು ಬಿಡುವುದೇ ಒಳ್ಳೆಯದು.

ಮಕ್ಕಳ ನಿದ್ರೆಯನ್ನು ದೊಡ್ಡವರು ಬಹಳವಾಗಿ ಅಲಕ್ಷಿಸುತ್ತಾರೆ. ಬೇಸಗೆಯಲ್ಲಿ ಪ್ಯಾರಿಸಿನ ಗಡಿಯಾರವು ನಮ್ಮದಕ್ಕಿಂತ ಮೂರೂವರೆ ಗಂಟೆ, ಲಂಡನ್ನಿನದು ನಾಲ್ಕೂವರೆ ಗಂಟೆ ಹಿಂದೆ. ಮನೆಯಲ್ಲಿ ಬೆಳಗ್ಗೆ ಆರಕ್ಕೆ ಏಳುವ ಮಗು ಪ್ಯಾರಿಸಿನಲ್ಲಿ ರಾತ್ರಿ ಎರಡೂವರೆಗೆ ಎದ್ದು ಕುಳಿತು ಹಾಲು ಕೇಳುತ್ತದೆ. ಅದು ಹಟವಲ್ಲ, ದೇಹಧರ್ಮ. ಮೊದಲ ಎರಡು ದಿನ ಯಾವ ಟಿಕೆಟ್ಟನ್ನೂ ಮುಂಗಡವಾಗಿ ಕೊಳ್ಳದೆ, ಹಗಲು ಬೆಳಕಿನಲ್ಲಿ ಮಕ್ಕಳನ್ನು ಹೊರಗೆ ಆಡಿಸಿದರೆ ನಿದ್ರೆ ತಾನಾಗಿ ಹೊಂದಿಕೊಳ್ಳುತ್ತದೆ. ಮೇ ತಿಂಗಳ ನಡುವೆ ಪ್ಯಾರಿಸಿನಲ್ಲಿ ಸೂರ್ಯನು ಮುಳುಗುವಾಗ ರಾತ್ರಿ ಒಂಬತ್ತು ದಾಟಿರುತ್ತದೆ. ಬೆಳಕಿರುವಾಗ ಮಲಗೆಂದರೆ ಮಕ್ಕಳು ಒಪ್ಪುವರೆ? ಕಿಟಕಿಗೆ ಕಟ್ಟಲು ಕಪ್ಪು ಬಟ್ಟೆಯೊಂದನ್ನು ಪೆಟ್ಟಿಗೆಯಲ್ಲಿಟ್ಟುಕೊಳ್ಳಿರಿ.

ದಿನಚರಿಯ ಮಾತು. ಬೆಳಗ್ಗೆ ಒಂದು ನೋಟ, ಮಧ್ಯಾಹ್ನ ಬಿಡಾರದಲ್ಲಿ ವಿಶ್ರಾಂತಿ, ಸಂಜೆ ಒಂದು ಉದ್ಯಾನ. ಇಷ್ಟಕ್ಕೆ ಮೀರಿದ್ದು ಲೋಭ. ಲೂವ್ರ್‌ನಲ್ಲಿ ಹದಿನೆಂಟು ತುಂಬದವರಿಗೆ ಪ್ರವೇಶಶುಲ್ಕವಿಲ್ಲ. ಮಂಗಳವಾರ ಅದಕ್ಕೆ ರಜೆ. ಅಲ್ಲಿ ಎಲ್ಲವನ್ನೂ ನೋಡುವೆನೆಂದು ಹೊರಟವನು ಒಂದನ್ನೂ ನೋಡಲಾರ. ಈಜಿಪ್ಟಿನ ಮಮ್ಮಿಯನ್ನೂ ಮತ್ತೆರಡು ವಸ್ತುಗಳನ್ನೂ ತೋರಿಸಿ, ಒಂದೂವರೆ ಗಂಟೆಯಲ್ಲಿ ಹೊರಬಂದರೆ ಮಕ್ಕಳಿಗೆ ಇನ್ನೊಮ್ಮೆ ಹೋಗುವ ಆಸೆ ಉಳಿಯುತ್ತದೆ. ಸಂಜೆಗೆ ಲಕ್ಸೆಂಬರ್ಗ್ ಉದ್ಯಾನವಿದೆ. ಅಲ್ಲಿನ ಕೊಳದಲ್ಲಿ ಹಾಯಿಯುಳ್ಳ ಆಟದ ದೋಣಿಗಳನ್ನು ಬಾಡಿಗೆಗೆ ಕೊಡುತ್ತಾರೆ. ಮಕ್ಕಳು ಕೋಲಿನಿಂದ ತಳ್ಳಿ, ಗಾಳಿಗೆ ತೇಲಿದ ದೋಣಿಯನ್ನು ಹಿಡಿಯಲು ಆಚೆಯ ದಡಕ್ಕೆ ಓಡುತ್ತಾರೆ. ಐಫೆಲ್ ಗೋಪುರದ ಎರಡನೆಯ ಅಂತಸ್ತಿಗೆ 674 ಮೆಟ್ಟಿಲುಗಳಿವೆಯಾದುದರಿಂದ ಲಿಫ್ಟಿನ ಟಿಕೆಟ್ಟನ್ನು ಊರಿನಿಂದಲೇ ಕಾದಿರಿಸುವುದು ವಿಹಿತ.

ಲಂಡನ್ನಿನಲ್ಲಿ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಹಲವಕ್ಕೆ ಪ್ರವೇಶಶುಲ್ಕವಿಲ್ಲವೆಂಬುದು ಗೃಹಸ್ಥರಿಗೆ ದೊಡ್ಡ ಅನುಕೂಲ. 1881ರಲ್ಲಿ ತೆರೆದ ಪ್ರಕೃತಿಚರಿತ್ರೆಯ ಮ್ಯೂಸಿಯಮ್ಮಿನ ನಡುವಣ ಹಜಾರದಲ್ಲಿ ಇಪ್ಪತ್ತೈದು ಮೀಟರು ಉದ್ದದ ನೀಲಿ ತಿಮಿಂಗಿಲದ ಅಸ್ಥಿಪಂಜರವು ತೂಗುತ್ತದೆ. ವಿಜ್ಞಾನದ ಮ್ಯೂಸಿಯಂ ಅದರ ಪಕ್ಕದಲ್ಲೇ ಇದೆ. ಹಣ ಕೊಡದೆ ಒಳಹೊಕ್ಕ ಮೇಲೆ, ಮಗು ಅತ್ತರೆ ಅರ್ಧ ಗಂಟೆಗೇ ಹೊರಬರಲು ಸಂಕಟವಾಗುವುದಿಲ್ಲ. ಬ್ಲೂಮ್ಸ್‌ಬರಿ ಎಂಬ ಭಾಗದಲ್ಲಿ ಕೋರಮ್ಸ್ ಫೀಲ್ಡ್ಸ್ ಎಂಬ ಆಟದ ಬಯಲೊಂದಿದೆ. ಥಾಮಸ್ ಕೋರಂ ಎಂಬ ದಯಾಳುವು ಅನಾಥ ಶಿಶುಗಳಿಗಾಗಿ 1739ರಲ್ಲಿ ರಾಜಾಜ್ಞೆ ಪಡೆದು ಸ್ಥಾಪಿಸಿದ ಆಶ್ರಮವು ಇದ್ದ ಸ್ಥಳವದು. ಮಗುವನ್ನು ಸಂಗಡ ಕರೆತರದ ದೊಡ್ಡವರಿಗೆ ಅಲ್ಲಿ ಪ್ರವೇಶವಿಲ್ಲ. ಆ ಬಾಗಿಲಲ್ಲಿ ಮಕ್ಕಳೇ ನಮ್ಮನ್ನು ಒಳಗೆ ಕರೆದೊಯ್ಯುತ್ತಾರೆ.

ರೋಮಿನ ಹಳೆಯ ಬೀದಿಗಳಿಗೆ ಕಲ್ಲು ಹಾಸಿರುವುದರಿಂದ ಮಕ್ಕಳ ತಳ್ಳುಗಾಡಿಯು ಗಡಗಡನೆ ಕುಲುಕುತ್ತದೆ. ಕೂಸನ್ನು ಮೈಗೆ ಕಟ್ಟಿಕೊಳ್ಳುವ ಜೋಲಿಯೇ ಅಲ್ಲಿ ಮೇಲು. ಬೀದಿಬೀದಿಯಲ್ಲೂ ಕುಡಿಯುವ ನೀರಿನ ಕಬ್ಬಿಣದ ನಲ್ಲಿಗಳು ಹಗಲಿರುಳು ಹರಿಯುತ್ತಿರುತ್ತವೆ. ಖಾಲಿ ಸೀಸೆಯೊಂದು ಕೈಯಲ್ಲಿದ್ದರೆ ನೀರಿಗೆ ಒಂದು ಕಾಸೂ ಬೇಕಿಲ್ಲ. ವಿಯೆನ್ನಾದಲ್ಲಿ 1752ರಿಂದ ನಡೆದುಬಂದಿರುವ ಷೋನ್‌ಬ್ರುನ್ ಮೃಗಾಲಯವೂ ಪ್ರಾಟರ್ ಉದ್ಯಾನದಲ್ಲಿ 1897ರ ದೈತ್ಯ ತಿರುಗುಚಕ್ರವೂ ಇವೆ. ದೂರದ ಆಲ್ಪ್ಸ್ ಪರ್ವತಗಳ ಚಿಲುಮೆಯ ನೀರು ಮನೆಯ ನಲ್ಲಿಯಲ್ಲಿಯೇ ಬರುತ್ತದೆ. ಎಳೆಯ ಮಕ್ಕಳಿಗೆ ಹೇಳಿಮಾಡಿಸಿದ ನಗರ.

ನಗರದೊಳಗಿನ ಸಂಚಾರದಲ್ಲಿ ಮಕ್ಕಳಿಗೆ ರಿಯಾಯಿತಿಯುಂಟು. ಲಂಡನ್ನಿನಲ್ಲಿ ಹನ್ನೊಂದು ತುಂಬದ ಮಕ್ಕಳು ದೊಡ್ಡವರ ಸಂಗಡ ನೆಲದಡಿಯ ರೈಲಿನಲ್ಲಿ ಉಚಿತವಾಗಿ ಹೋಗಬಹುದು. ಪ್ಯಾರಿಸಿನಲ್ಲಿ ನಾಲ್ಕು ತುಂಬದವರಿಗೆ, ವಿಯೆನ್ನಾದಲ್ಲಿ ಆರು ತುಂಬದವರಿಗೆ, ರೋಮಿನಲ್ಲಿ ಹತ್ತು ತುಂಬದವರಿಗೆ ಈ ಅನುಕೂಲವಿದೆ. ಆದರೆ ಲಂಡನ್ನಿನ ಸುರಂಗ ರೈಲು 1863ರದು, ಪ್ಯಾರಿಸಿನದು 1900ರದು. ಹಳೆಯ ನಿಲ್ದಾಣಗಳಲ್ಲಿ ಅನೇಕವಕ್ಕೆ ಲಿಫ್ಟುಗಳಿಲ್ಲ. ಮಡಚಿ ಒಂದೇ ಕೈಯಲ್ಲಿ ಎತ್ತಬಹುದಾದ ಹಗುರ ತಳ್ಳುಗಾಡಿಯನ್ನು ಒಯ್ಯಿರಿ. ಆತುರವಿಲ್ಲದ ದಿನ ಬಸ್ಸಿನಲ್ಲಿ ಹೋಗಿರಿ. ಲಂಡನ್ನಿನ ಎರಡಂತಸ್ತಿನ ಬಸ್ಸಿನ ಮೇಲ್ಭಾಗದ ಮುಂದಿನ ಆಸನವೇ ಮಕ್ಕಳಿಗೆ ಒಂದು ನೋಟ.

ಬಿಡಾರವನ್ನು ಆರಿಸುವಾಗ ಅಂದಕ್ಕಿಂತ ಅಡಿಗೆಮನೆ ಮುಖ್ಯ. ಹೊಟೇಲಿನ ಎರಡು ಕೋಣೆಗಳ ಬದಲು, ಒಲೆಯೂ ಬಟ್ಟೆ ಒಗೆಯುವ ಯಂತ್ರವೂ ಇರುವ ಸಣ್ಣ ಮನೆಯನ್ನು ವಾರಕ್ಕೆ ಹಿಡಿದರೆ ಸಂಜೆ ಆರಕ್ಕೆ ಮಕ್ಕಳಿಗೆ ಬಿಸಿ ಅನ್ನ ಸಾರು ಸಿಕ್ಕುತ್ತದೆ. ರೋಮಿನ ಊಟದ ಮನೆಗಳಲ್ಲಿ ಹಲವು ರಾತ್ರಿಯೂಟಕ್ಕೆ ಬಾಗಿಲು ತೆರೆಯುವ ಹೊತ್ತಿಗೆ ನಮ್ಮ ಮಕ್ಕಳು ತೂಕಡಿಸುತ್ತಿರುತ್ತಾರೆ. ಲಿಫ್ಟು ಇದೆಯೆ, ಹತ್ತಿರದಲ್ಲಿ ಉದ್ಯಾನವಿದೆಯೆ, ಕಿಟಕಿಗಳಿಗೆ ಭದ್ರತೆಯಿದೆಯೆ ಎಂಬ ಮೂರನ್ನು ಮೊದಲೇ ವಿಚಾರಿಸಿರಿ. ವಿಯೆನ್ನಾದಲ್ಲಿ ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುವುದರಿಂದ ಹಾಲು, ಹಣ್ಣು, ಬ್ರೆಡ್ಡುಗಳನ್ನು ಶನಿವಾರವೇ ಕೊಂಡಿಡಬೇಕು.

ನಮ್ಮ ತಾಯಂದಿರು ಪೆಟ್ಟಿಗೆ ತುಂಬುವಾಗ ತುಪ್ಪದ ಡಬ್ಬಿಯನ್ನು ಮರೆಯುವವರಲ್ಲ. ಆದರೆ ಹೊರದೇಶಗಳಿಂದ ಬರುವವರು ಹಾಲಿನ ಪದಾರ್ಥಗಳನ್ನೂ ಮಾಂಸವನ್ನೂ ತರಕೂಡದೆಂಬುದು ಐರೋಪ್ಯ ಒಕ್ಕೂಟದ ನಿಯಮ. ತುಪ್ಪವೂ ಮೊಸರೂ ಇದರಲ್ಲಿ ಸೇರುತ್ತವೆ. ಕೂಸಿನ ಹಾಲಿನ ಪುಡಿ ಮತ್ತು ಶಿಶು ಆಹಾರಕ್ಕೆ ಮಾತ್ರ, ಕಂಪೆನಿಯ ಮೊಹರಿನ ಡಬ್ಬಿಯಲ್ಲಿದ್ದರೆ, ತಲೆಗೆ ಎರಡು ಕಿಲೋವರೆಗೆ ವಿನಾಯಿತಿ. ಪ್ರಮಾಣಪತ್ರವಿಲ್ಲದೆ ಮಾವಿನಹಣ್ಣನ್ನು ಒಯ್ಯುವಂತಿಲ್ಲ. ಬಾಳೆಹಣ್ಣು, ತೆಂಗಿನಕಾಯಿ, ಅನಾನಸು, ಖರ್ಜೂರಗಳಿಗೆ ಅಡ್ಡಿಯಿಲ್ಲ. ಅವಲಕ್ಕಿ, ಸಾರಿನ ಪುಡಿಗಳಿದ್ದರೆ ಮೊದಲ ಎರಡು ದಿನಗಳು ನಿಶ್ಚಿಂತೆಯಿಂದ ಸಾಗುತ್ತವೆ. ವಿಮಾನವು ಇಳಿಯುವಾಗ ಕೂಸಿಗೆ ಹಾಲನ್ನೋ ನೀರನ್ನೋ ಗುಟುಕರಿಸಲು ಕೊಟ್ಟರೆ ಕಿವಿನೋವು ಬಾಧಿಸದು.

ಇನ್ನು ಎಲ್ಲಕ್ಕಿಂತ ಮಿಗಿಲಾದ ವಿಷಯ, ಮಕ್ಕಳ ಕ್ಷೇಮ. ಪ್ಯಾರಿಸ್, ರೋಮ್, ವಿಯೆನ್ನಾಗಳಲ್ಲಿ ವಾಹನಗಳು ರಸ್ತೆಯ ಬಲಗಡೆಯಲ್ಲಿ ಓಡುತ್ತವೆ. ಬೀದಿ ದಾಟುವಾಗ ಮೊದಲು ಬಲಕ್ಕೆ ನೋಡುವ ನಮ್ಮ ಅಭ್ಯಾಸವು ಅಲ್ಲಿ ಅಪಾಯಕರ. ಮೊದಲು ಎಡಕ್ಕೆ ನೋಡಬೇಕು. ಲಂಡನ್ನಿನಲ್ಲಿ ಮಾತ್ರ ನಮ್ಮಲ್ಲಿಯಂತೆಯೇ. ಮಕ್ಕಳಿಗೆ ಹೇಳಿಕೊಡುವ ಮುನ್ನ ತಂದೆತಾಯಿಗಳೇ ಇದನ್ನು ರೂಢಿಮಾಡಿಕೊಳ್ಳಬೇಕು.

ಜನಸಂದಣಿಯಲ್ಲಿ ಮಗು ಕೈತಪ್ಪಿದರೆ ಮಾಡತಕ್ಕದ್ದೇನೆಂಬುದನ್ನು ಮನೆಯಲ್ಲಿಯೇ ಆಟದಂತೆ ಅಭ್ಯಾಸ ಮಾಡಿಸಿರಿ. ನಿಯಮವು ಸರಳವಾಗಿರಲಿ: ಕೈತಪ್ಪಿದ ಮಗು ನಿಂತಲ್ಲಿಯೇ ನಿಲ್ಲಬೇಕು, ಹುಡುಕುವವರು ದೊಡ್ಡವರು. ರೈಲಿನ ಬಾಗಿಲು ಮುಚ್ಚಿ ಮಗು ನಿಲ್ದಾಣದಲ್ಲಿ ಉಳಿದರೆ ಅದು ಅಲ್ಲಿಂದ ಕದಲಬಾರದು. ದೊಡ್ಡವರು ಮುಂದಿನ ನಿಲ್ದಾಣದಲ್ಲಿಳಿದು ಹಿಂದಿರುಗುವರು. ಮಗುವೇ ರೈಲಿನಲ್ಲಿ ಮುಂದೆ ಹೋದರೆ ಮುಂದಿನ ನಿಲ್ದಾಣದಲ್ಲಿಳಿದು ಅಲ್ಲಿಯೇ ನಿಲ್ಲಬೇಕು. ರೈಲು ಹತ್ತುವಾಗ ಒಬ್ಬರು ಮುಂದೆ, ಮಕ್ಕಳು ನಡುವೆ, ಇನ್ನೊಬ್ಬರು ಹಿಂದೆ; ಈ ಕ್ರಮವನ್ನು ಒಂದು ದಿನವೂ ತಪ್ಪಬಾರದು. ಬಿಡಾರದ ವಿಳಾಸವನ್ನೂ ತಂದೆತಾಯಿಗಳ ದೂರವಾಣಿ ಸಂಖ್ಯೆಯನ್ನೂ ಬರೆದ ಚೀಟಿಯನ್ನು ಮಗುವಿನ ಜೇಬಿನಲ್ಲಿಡಿರಿ. ಪ್ರತಿದಿನ ಬೆಳಗ್ಗೆ ಹೊರಡುವಾಗ ಮಗುವಿನದೊಂದು ಭಾವಚಿತ್ರ ತೆಗೆದುಕೊಂಡರೆ ಅಂದು ತೊಟ್ಟ ಬಟ್ಟೆ ಯಾವುದೆಂದು ಗಾಬರಿಯ ಹೊತ್ತಿನಲ್ಲಿ ನೆನಪಿಸಿಕೊಳ್ಳುವ ಕಷ್ಟವಿಲ್ಲ. ಪೊಲೀಸರ, ವೈದ್ಯರ ನೆರವಿಗೆ ಐರೋಪ್ಯ ಒಕ್ಕೂಟದಲ್ಲೆಲ್ಲ ಒಂದೇ ಸಂಖ್ಯೆ, 112. ನಮ್ಮ ದೇಶದಲ್ಲಿಯೂ ಈಗ ಅದೇ ಸಂಖ್ಯೆಯಿರುವುದರಿಂದ ಮಕ್ಕಳಿಗೆ ಕಲಿಸಿದ ಪಾಠ ಎರಡೂ ಕಡೆ ಉಪಯೋಗಕ್ಕೆ ಬರುತ್ತದೆ. ಬ್ರಿಟನ್ನಿನಲ್ಲಿ 999 ರೂಢಿಯಲ್ಲಿದೆ. 112 ಸಹ ನಡೆಯುತ್ತದೆ. ಜ್ವರದ ಔಷಧ, ಬೇಧಿಗೆ ಕೊಡುವ ಉಪ್ಪು ಸಕ್ಕರೆಯ ಪೊಟ್ಟಣಗಳು, ಡಾಕ್ಟರು ಬರೆದುಕೊಟ್ಟ ಚೀಟಿ, ಇವು ಕೈಚೀಲದಲ್ಲಿರಲಿ. ಪ್ಯಾರಿಸ್, ರೋಮ್ ನಗರಗಳಲ್ಲಿ ಔಷಧದಂಗಡಿಯ ಗುರುತು ಹಸಿರು ಶಿಲುಬೆ.

ಕಡೆಯದಾಗಿ, ಸಿದ್ಧತೆಯಲ್ಲಿ ಮಕ್ಕಳನ್ನೂ ಪಾಲುದಾರರನ್ನಾಗಿ ಮಾಡಿಕೊಳ್ಳಿರಿ. ಸಂಜೆ ದೀಪ ಹಚ್ಚಿದ ಮೇಲೆ ಭೂಪಟವನ್ನು ನೆಲದ ಮೇಲೆ ಹಾಸಿ, ನಮ್ಮೂರು ಇಲ್ಲಿ, ಆ ಊರು ಅಲ್ಲಿ ಎಂದು ತೋರಿಸಿರಿ. ಒಂದೊಂದು ನಗರದಲ್ಲಿ ಒಂದೊಂದು ದಿನವನ್ನು ಮಕ್ಕಳ ಇಷ್ಟಕ್ಕೆ ಬಿಡಿರಿ. ತಿಮಿಂಗಿಲವೋ ತಿರುಗುಚಕ್ರವೋ ಅವರೇ ಆರಿಸಲಿ. ಪ್ಯಾರಿಸಿನಲ್ಲಿ ಅಂಗಡಿಯೊಳಗೆ ಕಾಲಿಟ್ಟೊಡನೆ “ಬೋಂಜೂರ್” ಎಂದು ವಂದಿಸುವುದು ಮರ್ಯಾದೆ. ಇದನ್ನು ಮನೆಯಲ್ಲೇ ಕಲಿಸಿದರೆ ಮಗುವಿನ ತೊದಲು ಮಾತಿಗೆ ಅಂಗಡಿಯವರ ಮುಖ ಅರಳುವುದು. ಅಜ್ಜ ಅಜ್ಜಿಯರೂ ಸಂಗಡ ಬರುವುದಾದರೆ ಇನ್ನೂ ಒಳ್ಳೆಯದು. ಮಗುವಿಗೂ ಮುದುಕರಿಗೂ ನಡಿಗೆಯ ವೇಗ ಒಂದೇ, ಮಧ್ಯಾಹ್ನದ ನಿದ್ರೆಯೂ ಇಬ್ಬರಿಗೂ ಬೇಕು.

ಇಷ್ಟೆಲ್ಲ ಏರ್ಪಾಡು ಮಾಡಿಕೊಂಡರೂ ಒಂದು ದಿನ ಮಳೆ ಹಿಡಿಯಬಹುದು, ಇನ್ನೊಂದು ದಿನ ಮಗು ಮೊಂಡುಹಿಡಿಯಬಹುದು. ಆ ದಿನ ಪಟ್ಟಿಯನ್ನು ಮಡಚಿಟ್ಟು ಬಿಡಾರದಲ್ಲೇ ಕುಳಿತು, ಬಿಸಿ ಅನ್ನ ಉಂಡು ಕಥೆ ಹೇಳಿಕೊಳ್ಳುವ ಧೈರ್ಯವು ತಂದೆತಾಯಿಗಳಿಗೆ ಇರಬೇಕು. ಬಿಟ್ಟುಹೋದ ಅರಮನೆಯೊಂದಕ್ಕಾಗಿ ಮಗುವಿನ ಮೇಲೆ ಕೈಯೆತ್ತಿದರೆ ಆ ಪ್ರಯಾಣದಿಂದ ಅದು ಹೊತ್ತು ತರುವ ನೆನಪು ಅದೊಂದೇ ಆದೀತು. ಈ ಬಿಡುವಿನಲ್ಲಿ ಹೊರಡುವ ಸಂಸಾರಗಳೆಲ್ಲ ಆರೋಗ್ಯದಿಂದ ಹೋಗಿ, ನಗುಮುಖದಿಂದ ಹಿಂದಿರುಗಲೆಂದು ಹಾರೈಸುತ್ತೇವೆ.